ಹೂವಿಲ್ಲದ ದಿನದ ಫೋಟೊ

ನಮ್ಮ ಬೀದಿಯ ತುದಿಯಲ್ಲೊಂದು ಗುಲ್‌ಮೊಹರ್ ಇದೆ. ಏಳು ವರ್ಷಗಳಿಂದ ಅದರ ಫೋಟೊ ತೆಗೆಯುತ್ತಿದ್ದೇನೆ. ಮೊದಲೆರಡು ವರ್ಷ ಮೇ ತಿಂಗಳಲ್ಲಷ್ಟೇ ಕ್ಯಾಮೆರಾ ಹೊರಗೆ ಬರುತ್ತಿತ್ತು. ಮರ ಕೆಂಪಾದಾಗ ಹೋಗಿ ಹತ್ತಾರು ಫೋಟೊ ತೆಗೆದು ಬರುತ್ತಿದ್ದೆ. ಈಗ ಅವನ್ನು ತೆಗೆದು ನೋಡಿದರೆ ಯಾವುದು ಯಾವ ವರ್ಷದ್ದೆಂದು ನನಗೇ ಗೊತ್ತಾಗುವುದಿಲ್ಲ. ಮೂರನೆಯ ವರ್ಷದಿಂದ ಎದುರುಗಡೆಯ ಅದೇ ಕಟ್ಟೆಯ ಪಕ್ಕ ನಿಂತು ತಿಂಗಳಿಗೊಂದು ಫೋಟೊ ತೆಗೆಯತೊಡಗಿದೆ. ಫೆಬ್ರುವರಿಯಲ್ಲಿ ಎಲೆಯೆಲ್ಲ ಉದುರಿ, ಕತ್ತಿಯಂಥ ಕಪ್ಪು ಕಾಯಿಗಳು ಮಾತ್ರ ನೇತಾಡುವ ಮರವನ್ನು ಕಂಡ ಮೇಲೆಯೇ ಮೇ ತಿಂಗಳ ಆ ಕೆಂಪು ಎಂಥದ್ದೆಂದು ನನಗೆ ತಿಳಿದದ್ದು.

ಹೂವಿನ ಹುಚ್ಚಿರುವವರಿಗೆ ಬೆಂಗಳೂರು ಸಿಕ್ಕಿದ್ದು ಪುಣ್ಯವೇ ಸರಿ. ಆ ಪುಣ್ಯ ತಾನಾಗಿ ಒದಗಿದ್ದಲ್ಲ. ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತು, ಬರೋಡಾ ಸಂಸ್ಥಾನದ ತೋಟಗಳನ್ನು ನೋಡಿಕೊಂಡಿದ್ದ ಗುಸ್ತಾವ್ ಹರ್ಮನ್ ಕೃಂಬಿಗಲ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳಬೇಕು, ಊರಿಗೆ ಹೂವಿಲ್ಲದ ತಿಂಗಳೇ ಇರಬಾರದು ಎಂಬ ಲೆಕ್ಕದಲ್ಲಿ ರಸ್ತೆಗಳಿಗೆ ಮರ ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಲಕ್ಷಗಟ್ಟಲೆ ಸಸಿ ನೆಡಿಸಿದರು. ಇವತ್ತು ನಮ್ಮ ಮೊಬೈಲುಗಳಲ್ಲಿ ತುಂಬಿರುವುದು ಇವರಿಬ್ಬರ ದುಡಿಮೆಯ ಫಲ.

ಜನವರಿಯಲ್ಲಿ ಬೂರುಗ. ಅದು ಮುಗಿಯುತ್ತಿದ್ದಂತೆ ಎಲೆಯೇ ಇಲ್ಲದ ಟಬೂಬಿಯಾ ಅರಿಶಿನ ಸುರಿದಂತೆ ನಿಲ್ಲುತ್ತದೆ. ಮಾರ್ಚ್‌ನಲ್ಲಿ ಹೊಂಗೆಯ ಚಿಗುರು, ಅದರ ಹಿಂದೆಯೇ ಜಕರಂಡಾ. ಈ ಜಕರಂಡಾ ನನ್ನನ್ನು ಬಹಳ ಕಾಲ ಸತಾಯಿಸಿತು. ಕಣ್ಣಿಗೆ ಕಂಡ ನೇರಳೆ ಫೋಟೊದಲ್ಲಿ ನೀಲಿಯಾಗಿಬಿಡುತ್ತಿತ್ತು. ಬಣ್ಣದ ಹೊಂದಾಣಿಕೆಯನ್ನು ಕ್ಯಾಮೆರಾದ ಮರ್ಜಿಗೆ ಬಿಡದೆ ‘ಬಿಸಿಲು’ ಎಂದು ನಿಗದಿ ಮಾಡಿದ ಮೇಲೆ ಸರಿಹೋಯಿತು.

ಬೇಸಿಗೆಯ ಬೆಳಕನ್ನು ಮಾತ್ರ ನಂಬುವಂತಿಲ್ಲ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಗುಲ್‌ಮೊಹರ್, ಕಕ್ಕೆ, ಹೊಳೆ ದಾಸವಾಳ ಎಲ್ಲವೂ ಮೈತುಂಬ ಅರಳುವುದು ಈ ಸುಡುಬಿಸಿಲಿನಲ್ಲೇ. ಹಾಗಾಗಿ ನಾನು ಬೆಳಗ್ಗೆ ಆರೂವರೆಗೆ ಹೊರಟು ಎಂಟರೊಳಗೆ ಮನೆಗೆ ಬಂದುಬಿಡುತ್ತೇನೆ. ಆಗಲೂ ಕೆಂಪು ಹೂವಿನ ವಿಷಯದಲ್ಲಿ ಎಚ್ಚರ ಬೇಕು. ಕ್ಯಾಮೆರಾಕ್ಕೆ ಕೆಂಪು ಬಹಳ ಬೇಗ ತುಂಬಿಹೋಗಿ, ಎಸಳಿನ ನರ, ಮಡಿಕೆ ಒಂದೂ ಕಾಣದೆ ಬಣ್ಣ ಬಳಿದ ಗೋಡೆಯಂತಾಗುತ್ತದೆ. ಮೊಬೈಲಾದರೆ ಹೂವಿನ ಮೇಲೆ ಬೆರಳಿಟ್ಟು ಬೆಳಕನ್ನು ತುಸು ಕೆಳಗೆಳೆಯಿರಿ. ಗುಲ್‌ಮೊಹರಿನ ಒಂದು ಹೂವನ್ನು ಹೀಗೆ ಹತ್ತಿರದಿಂದ ನೋಡಿದಾಗಲೇ ನನಗೆ ಅದರ ಐದನೆಯ ಎಸಳು ಕಂಡದ್ದು. ನಾಲ್ಕು ಎಸಳು ಅಪ್ಪಟ ಕೆಂಪು. ಐದನೆಯದು ಸ್ವಲ್ಪ ದೊಡ್ಡದು, ನೆಟ್ಟಗೆ ನಿಂತದ್ದು. ಬಿಳಿ ಹಳದಿ ಮೈಗೆ ಕುಂಕುಮ ಚಿಮುಕಿಸಿದಂತಿದೆ. ಇಷ್ಟು ವರ್ಷ ಅದೇ ಮರದಡಿ ಬಸ್ಸಿಗೆ ಕಾದಿದ್ದರೂ ನೋಡಿರಲಿಲ್ಲ.

ಮಳೆಗಾಲವನ್ನು ಹೂವಿನ ಫೋಟೊಗೆ ಆಗದ ಕಾಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೋಡ ಮುಸುಕಿದ ಆಕಾಶ ಊರಿನ ಮೇಲೆ ಬಿಳಿ ಪಂಚೆ ಕಟ್ಟಿದ ಹಾಗೆ. ಬೆಳಕು ಸೋಸಿ ಇಳಿಯುತ್ತದೆ, ಎಸಳಿನ ಮೇಲೆ ಕಡುನೆರಳು ಬೀಳುವುದಿಲ್ಲ. ಆಗಸ್ಟಿನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬಿದ್ದಿರುವಾಗ ಹೊರಗೆ ದೊಡ್ಡ ಮರಗಳ ಬುಡದಲ್ಲಿ ಒದ್ದೆ ತೊಗಟೆ, ಪಾಚಿ, ಅಂಟಿಕೊಂಡ ಒಂದೆರಡು ಎಸಳು ಇರುತ್ತವೆ. ನನಗೆ ಅವೇ ಹೆಚ್ಚು.

ಮಳೆಗಾಲದಲ್ಲೇ ನಾನೊಂದು ತಪ್ಪನ್ನೂ ಮಾಡಿದೆ. ಅಮ್ಮ ಮಹಡಿಯ ಕುಂಡದಲ್ಲಿ ಬೆಳೆಸಿದ ಬ್ರಹ್ಮಕಮಲ ಮೊದಲ ಸಲ ಮೊಗ್ಗು ಬಿಟ್ಟಿತ್ತು. ಹಿಮಾಲಯದ ಬ್ರಹ್ಮಕಮಲ ಬೇರೆ; ನಮ್ಮ ಮನೆಗಳಲ್ಲಿ ಆ ಹೆಸರಿನಲ್ಲಿರುವುದು ಅಮೆರಿಕ ಖಂಡದಿಂದ ಬಂದ ಕಳ್ಳಿಯ ಜಾತಿ. ರಾತ್ರಿ ಅರಳಿ ಬೆಳಕು ಹರಿಯುವಷ್ಟರಲ್ಲಿ ಬಾಡುತ್ತದೆ. “ಏಳೋ, ಅರಳ್ತಾ ಇದೆ” ಎಂದು ಅಮ್ಮ ಕರೆದರು. “ಬೆಳಗ್ಗೆ ತೆಗೀತೀನಮ್ಮ” ಎಂದು ಮಗ್ಗುಲಾದೆ. ಬೆಳಗ್ಗೆ ನೋಡಿದರೆ ಕತ್ತು ಮುರಿದು ಜೋತಾಡುತ್ತಿತ್ತು. ಮುಂದಿನ ವರ್ಷ ಒಂಬತ್ತಕ್ಕೇ ಕುರ್ಚಿ ಹಾಕಿಕೊಂಡು ಕೂತೆ. ಅಮ್ಮ ಹೂವಿನ ಹಿಂದುಗಡೆಯಿಂದ ಟಾರ್ಚ್ ಹಿಡಿದರು. ಎಸಳುಗಳ ಒಳಗೇ ದೀಪ ಹೊತ್ತಿಸಿದಂತೆ ಕಂಡಿತು. ಆ ಫೋಟೊದ ಅಂಚಿನಲ್ಲಿ ಅಮ್ಮನ ಎರಡು ಬೆರಳೂ ಬಂದಿವೆ. ಕತ್ತರಿಸಿಲ್ಲ.

ನವೆಂಬರ್ ಬಂದರೆ ಆಕಾಶಮಲ್ಲಿಗೆ. ಈ ಹೂವನ್ನು ಹಿಡಿಯಲು ತಲೆಯೆತ್ತಬೇಕಿಲ್ಲ. ಉದ್ದ ತೊಟ್ಟಿನ ಬಿಳಿ ಹೂಗಳು ರಾತ್ರಿಯೆಲ್ಲ ಉದುರಿ ರಸ್ತೆಯನ್ನು ಮುಚ್ಚಿರುತ್ತವೆ. ನೆಲಕ್ಕೆ ಹೊಟ್ಟೆಯೂರಿ ಮಲಗಿಯೇ ತೆಗೆಯಬೇಕು, ಅದೂ ಪೊರಕೆ ಬರುವ ಮೊದಲು. ಹೋದ ವರ್ಷ ಒಂದು ಮುಂಜಾನೆ ಹಾಗೆ ಮಲಗಿದ್ದಾಗ ಪೌರಕಾರ್ಮಿಕ ಮಹಿಳೆಯೊಬ್ಬರು ಪೊರಕೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. “ಆಯ್ತಾ ಸಾರ್, ಗುಡಿಸ್ಲಾ?” ಎಂದರು. ಇನ್ನೈದು ನಿಮಿಷ ಎಂದೆ. ಅವರು ಆಚೆ ಬದಿಯಿಂದ ಗುಡಿಸುತ್ತ ಬಂದು, ಮರದ ಬುಡದ ಒಂದು ಮೂಲೆಯನ್ನು ಹಾಗೇ ಬಿಟ್ಟು, ಗಾಡಿ ತಳ್ಳಿಕೊಂಡು ಮುಂದೆ ಹೋದರು.