ಗೇಮ್ ಯಾವಾಗ ಬರುತ್ತೆ? ಡೆವಲಪರ್ ಉತ್ತರ ಓದೋದು ಹೇಗೆ?

ಹೊಸ ಸೈನ್ಸ್ ಫಿಕ್ಷನ್ ಗೇಮ್ ಒಂದರ ಟ್ರೇಲರ್ ಬಂದ ಮರುದಿನ ಅಭಿಮಾನಿಗಳು ಕೇಳೋ ಪ್ರಶ್ನೆಗಳನ್ನ ಗಮನಿಸಿ. ದೇಶ ಯಾವುದೇ ಇರಲಿ, ಅವೇ ಐದು. ಯಾವಾಗ ಬರುತ್ತೆ? ನನ್ನ ಫೋನ್‌ನಲ್ಲಿ ಓಡುತ್ತಾ? ಫ್ರೆಂಡ್ಸ್ ಜೊತೆ ಆಡಬಹುದಾ? ದುಡ್ಡು ಎಷ್ಟು? ನಮ್ಮ ಭಾಷೆ ಇರುತ್ತಾ?

ಡೆವಲಪರ್‌ಗಳ ಉತ್ತರಗಳೂ ಹೆಚ್ಚುಕಡಿಮೆ ಒಂದೇ ಥರ. "ಶೀಘ್ರದಲ್ಲೇ." "ಕೆಲಸ ನಡೀತಿದೆ." "ಅದನ್ನೂ ಯೋಚಿಸ್ತಿದ್ದೀವಿ."

ನಾನು ಗೇಮ್ ಮಾಡೋನಲ್ಲ. ಹೆಬ್ಬಾಳದ ಹತ್ತಿರದ ಆಫೀಸೊಂದರಲ್ಲಿ ಬ್ಯಾಂಕ್‌ಗಳಿಗೆ ಸಾಫ್ಟ್‌ವೇರ್ ಬರೆಯೋನು. ಆದ್ರೆ ಈ ಮೂರು ವಾಕ್ಯಗಳನ್ನ ವಾರಕ್ಕೆರಡು ಸಲ ಮೀಟಿಂಗ್‌ನಲ್ಲಿ ಕೇಳೋದು, ಹೇಳೋದು ನನ್ನ ಉದ್ಯೋಗದ ಭಾಗ. ಹಾಗಾಗಿ ಅವುಗಳ ಒಳಗೆ ಏನಿರುತ್ತೆ ಅಂತ ಗೊತ್ತು. "ಶೀಘ್ರದಲ್ಲೇ" ಅಂದ್ರೆ ದಿನಾಂಕ ಇನ್ನೂ ಇಲ್ಲ. "ಕೆಲಸ ನಡೀತಿದೆ" ಅಂದ್ರೆ ಟಿಕೆಟ್ ಓಪನ್ ಆಗಿದೆ. "ಯೋಚಿಸ್ತಿದ್ದೀವಿ" ಅಂದ್ರೆ ಟಿಕೆಟ್ ಕೂಡ ಇಲ್ಲ.

ಹಾಗಂತ ಅವರೆಲ್ಲ ಸುಳ್ಳು ಹೇಳ್ತಾರೆ ಅಂತಲ್ಲ. ಇನ್ನೂ ತಯಾರಾಗದ ವಸ್ತುವಿನ ಬಗ್ಗೆ ಕೇಳಿದ್ರೆ ಮಾಡುವವರ ಆಸೆಯೇ ಉತ್ತರವಾಗಿ ಬರುತ್ತೆ. ಇವತ್ತು ಅವರ ಕಂಪ್ಯೂಟರ್‌ನಲ್ಲಿ ಇರೋದರ ಬಗ್ಗೆ ಕೇಳಿದ್ರೆ ಮಾತ್ರ ಮಾಹಿತಿ ಸಿಗುತ್ತೆ. ಈ ವ್ಯತ್ಯಾಸ ತಿಳ್ಕೊಂಡ್ರೆ ದುಡ್ಡೂ ಉಳಿಯುತ್ತೆ, ಜಗಳವೂ ಕಡಿಮೆಯಾಗುತ್ತೆ.

ಉತ್ತರ ಕೊಡೋರು ಯಾರು?

ಬೆಂಗಳೂರಿಗೆ ಗೇಮ್ ಕೆಲಸ ಹೊಸದಲ್ಲ. ರಾಜೇಶ್ ರಾವ್ ಇಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದ್ದು 1997ರಲ್ಲಿ, ನಮ್ಮಲ್ಲಿ ಬಹಳ ಮನೆಗಳಿಗೆ ಕಂಪ್ಯೂಟರ್ ಬರೋ ಮೊದಲೇ. ದೇಶದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಅದೂ ಒಂದು. 'ಫೋರ್ಜಾ' ಕಾರ್ ರೇಸ್ ಗೇಮ್‌ಗಳಿಗೆ ಇಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ಧ್ರುವವನ್ನ ಜಿಟಿಎ ಖ್ಯಾತಿಯ ರಾಕ್‌ಸ್ಟಾರ್ ಕೊಂಡುಕೊಂಡಿತು. ಕರ್ನಾಟಕ ಸರ್ಕಾರವೂ ಆನಿಮೇಷನ್ ಮತ್ತು ಗೇಮಿಂಗ್‌ಗೆ ಅಂತಲೇ 2012ರಲ್ಲಿ ಒಂದು ನೀತಿ ತಂದಿತ್ತು.

ಅಂದ್ರೆ ನೀವು ಕಾಯ್ತಿರೋ ಗೇಮ್‌ನ ಒಂದು ತುಂಡು ನಿಮ್ಮ ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ದಿನಾ ಸಿಗೋ ವ್ಯಕ್ತಿಯ ಕೈಯಲ್ಲೇ ಇರಬಹುದು. ಆದ್ರೆ ಅವರು ಹೇಳೋ ಹಾಗಿಲ್ಲ. ನನ್ನ ಕಾಲೇಜ್ ಗೆಳತಿಯೊಬ್ಬಳು ಸ್ಟುಡಿಯೋ ಒಂದರಲ್ಲಿ ಗ್ರಾಫಿಕ್ಸ್ ಪ್ರೋಗ್ರಾಮರ್. ಒಂದು ಬಾಗಿಲ ಮೇಲೆ ಬೆಳಕು ಸರಿಯಾಗಿ ಬೀಳೋ ಹಾಗೆ ಮಾಡೋಕೆ ಎರಡು ತಿಂಗಳು ಒದ್ದಾಡಿದ್ದಾಳೆ. ಆ ಬಾಗಿಲು ಯಾವ ಗೇಮ್‌ದು ಅಂತ ಅವಳ ಅಮ್ಮನಿಗೂ ಗೊತ್ತಿಲ್ಲ. ಸಹಿ ಹಾಕಿದ ಗೋಪ್ಯತೆ ಒಪ್ಪಂದ ಹಾಗಿದೆ. ಮದುವೆ ಮನೇಲಿ ಯಾರಾದ್ರೂ ಕೇಳಿದ್ರೆ "ಕಂಪ್ಯೂಟರ್ ಕೆಲಸ ಆಂಟಿ" ಅಂತ ಹೇಳಿ ಊಟದ ಕಡೆ ಹೋಗಿಬಿಡ್ತಾಳೆ.

ಹಾಗಾದ್ರೆ ಅಭಿಮಾನಿಗಳಿಗೆ ಉತ್ತರ ಕೊಡೋದು ಯಾರು? ಸಾಮಾನ್ಯವಾಗಿ ಸ್ಟುಡಿಯೋ ಮುಖ್ಯಸ್ಥ ಅಥವಾ ಕಮ್ಯುನಿಟಿ ಮ್ಯಾನೇಜರ್. ಕೋಡ್ ಬರೆಯೋನ ಮಾತು ಮಾರ್ಕೆಟಿಂಗ್, ಲೀಗಲ್ ಎಲ್ಲ ದಾಟಿ ನಿಮ್ಮ ಫೋನ್‌ಗೆ ಬರೋ ಹೊತ್ತಿಗೆ "ಇನ್ನೂ ಕ್ರ್ಯಾಶ್ ಆಗ್ತಿದೆ" ಅನ್ನೋದು "ಅಂತಿಮ ಹೊಳಪು ಕೊಡ್ತಿದ್ದೀವಿ" ಆಗಿರುತ್ತೆ.

ಯಾವಾಗ ಬರುತ್ತೆ?

ಏರ್‌ಪೋರ್ಟ್ ಮೆಟ್ರೋ ಯಾವಾಗ ಅಂತ ಕೇಳಿ ಕೇಳಿ ಸುಸ್ತಾದ ಹೆಬ್ಬಾಳ, ಯಲಹಂಕದ ಜನಕ್ಕೆ ಈ ಪ್ರಶ್ನೆಯ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಪೋಲೆಂಡ್‌ನ ಸಿಡಿ ಪ್ರಾಜೆಕ್ಟ್ ರೆಡ್ 'ಸೈಬರ್‌ಪಂಕ್ 2077' ಘೋಷಿಸಿದ್ದು 2012ರಲ್ಲಿ. 2013ರ ಮೊದಲ ಟೀಸರ್‌ನಲ್ಲಿ ದಿನಾಂಕದ ಜಾಗದಲ್ಲಿ ಇದ್ದದ್ದು ಸಿದ್ಧವಾದಾಗ ಬರುತ್ತೆ ಅನ್ನೋ ಮಾತು. ನನ್ನ ಪ್ರಕಾರ ಅವರು ಕೊಟ್ಟ ಅತ್ಯಂತ ಪ್ರಾಮಾಣಿಕ ಉತ್ತರ ಅದೇ. ಆಮೇಲೆ ದಿನಾಂಕ ಹೇಳೋಕೆ ಶುರು ಮಾಡಿದರು. 2020ರ ಏಪ್ರಿಲ್ 16 ಅಂದದ್ದು ಸೆಪ್ಟೆಂಬರ್ 17 ಆಯ್ತು, ಆಮೇಲೆ ನವೆಂಬರ್ 19. ಅಕ್ಟೋಬರ್ 26ರಂದು ಅಭಿಮಾನಿಯೊಬ್ಬ, ಆಫೀಸಿಗೆ ರಜೆ ಹಾಕ್ಬೇಕು, ಇನ್ನು ಮುಂದೂಡಲ್ಲ ತಾನೇ ಅಂತ ಟ್ವಿಟರ್‌ನಲ್ಲಿ ಕೇಳಿದ. ಗೇಮ್‌ನ ಅಧಿಕೃತ ಖಾತೆ, ಪೂರ್ತಿ ಖಾತ್ರಿ ಅಂತ ಉತ್ತರಿಸಿತು. ಮರುದಿನವೇ ಗೇಮ್ ಮತ್ತೆ 21 ದಿನ ಮುಂದೆ, ಡಿಸೆಂಬರ್ 10ಕ್ಕೆ ಹೋಯ್ತು!

ಖಾತೆ ನೋಡ್ಕೊಳ್ತಿದ್ದವರು ಬೇಕಂತಲೇ ಮೋಸ ಮಾಡಿದರು ಅಂತ ನನಗೆ ಅನ್ಸಲ್ಲ. ಅದೇ ತಿಂಗಳ ಆರಂಭದಲ್ಲಿ ಗೇಮ್ 'ಗೋಲ್ಡ್' ಆಗಿದೆ, ಅಂದ್ರೆ ಡಿಸ್ಕ್‌ಗೆ ಹಾಕೋ ಮಾಸ್ಟರ್ ಪ್ರತಿ ತಯಾರಾಗಿದೆ ಅಂತ ಕಂಪನಿ ಹೇಳಿತ್ತು. ಹಿಂದೆ ಗೋಲ್ಡ್ ಅಂದ್ರೆ ಮುಗೀತು ಅಂತ ಅರ್ಥ. ಈಗ ಡಿಸ್ಕ್ ಮುದ್ರಣ ಆಗ್ತಿರುವಾಗಲೇ ಮೊದಲ ದಿನದ ಪ್ಯಾಚ್ ಬರೆಯೋದೂ ನಡೀತಿರುತ್ತೆ. ಸೈಬರ್‌ಪಂಕ್‌ಗೆ ಬೇಕಾಗಿದ್ದದ್ದೂ ಆ ಪ್ಯಾಚ್‌ಗೆ ಸಮಯವೇ.

ನನ್ನ ಸಿಸ್ಟಮ್‌ನಲ್ಲಿ ಓಡುತ್ತಾ?

ಹಳೇ ಕನ್ಸೋಲ್‌ಗಳಲ್ಲಿ ಗೇಮ್ ಹೇಗಿದೆ ಅಂತ ಹೂಡಿಕೆದಾರರು ಕೇಳಿದಾಗ, ಅಷ್ಟು ದೊಡ್ಡ ಗೇಮ್‌ಗೆ ಆಶ್ಚರ್ಯ ಆಗೋಷ್ಟು ಚೆನ್ನಾಗಿದೆ ಅನ್ನೋ ಅರ್ಥದ ಉತ್ತರ ಬಂದಿತ್ತು. ಬಿಡುಗಡೆಯಾಗಿ ಎಂಟೇ ದಿನಕ್ಕೆ ಸೋನಿ ಅದನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದುಹಾಕಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ. ಬಿಡುಗಡೆಗೆ ಮೊದಲು ಹಳೇ ಪ್ಲೇಸ್ಟೇಷನ್ 4ರಲ್ಲಿ ಗೇಮ್ ಓಡೋದನ್ನ ಹೊರಗಿನವರಿಗೆ ತೋರಿಸಿರಲಿಲ್ಲ. "ಓಡುತ್ತಾ?" ಅಂತ ಕೇಳಿದವರು ತುಂಬ ಜನ. "ಓಡೋದನ್ನ ತೋರಿಸಿ" ಅಂತ ಹಟ ಹಿಡಿದವರು ಕಡಿಮೆ.

ಇದಕ್ಕೆ ನಮ್ಮ ಪಕ್ಕದ ರಾಜ್ಯದ ಒಂದು ಉದಾಹರಣೆ ಇದೆ. ಪುಣೆಯ ಸೂಪರ್‌ಗೇಮಿಂಗ್ 2022ರಲ್ಲಿ 'ಇಂಡಸ್' ಅನ್ನೋ ಬ್ಯಾಟಲ್ ರಾಯಲ್ ಘೋಷಿಸಿತು. ವಿರ್ಲೋಕ್ ಅನ್ನೋ ಕಾಲ್ಪನಿಕ ಲೋಕ, ಭಾರತೀಯ ಕಲ್ಪನೆಯ ಭವಿಷ್ಯ. ಕೊನೆಗೆ ಉಳಿದವನು ಮಾತ್ರ ಗೆಲ್ಲೋದಲ್ಲ, ಕಾಸ್ಮಿಯಂ ಅನ್ನೋ ವಸ್ತುವನ್ನ ವಶಪಡಿಸಿಕೊಂಡೂ ಗೆಲ್ಲಬಹುದು. ಬಿಡುಗಡೆಗೆ ಮೊದಲೇ ಒಂದು ಕೋಟಿಗೂ ಹೆಚ್ಚು ಮುಂಗಡ ನೋಂದಣಿ ಆಯ್ತು. ಇಲ್ಲೂ "ಯಾವಾಗ ಬರುತ್ತೆ ಬ್ರೋ" ಅನ್ನೋ ಪ್ರಶ್ನೆ ಎರಡು ವರ್ಷ ನಿಲ್ಲಲಿಲ್ಲ. ಕೊನೆಗೆ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಆದ್ರೆ ನಡುವೆ ಸ್ಟುಡಿಯೋ ಡೆವ್‌ಲಾಗ್ ಬರೀತು, ಆಟಗಾರರನ್ನ ಕರೆದು ಅರ್ಧ ತಯಾರಾದ ಗೇಮ್ ಆಡಿಸ್ತು. ಗೇಮ್ ಇಷ್ಟ ಆಗೋದು ಬಿಡೋದು ಆಮೇಲಿನ ಮಾತು. ಕೈಗೆ ಕೊಟ್ಟ ಬಿಲ್ಡ್‌ಗಿಂತ ಸ್ಪಷ್ಟ ಉತ್ತರ ಇನ್ನೊಂದಿಲ್ಲ.

ಫ್ರೆಂಡ್ಸ್ ಜೊತೆ ಆಡಬಹುದಾ?

ಇಂಗ್ಲೆಂಡ್‌ನ ಹಲೋ ಗೇಮ್ಸ್ ಅನ್ನೋ ಪುಟ್ಟ ತಂಡ 'ನೋ ಮ್ಯಾನ್ಸ್ ಸ್ಕೈ' ಮಾಡ್ತಿದ್ದಾಗ ಮುಖ್ಯಸ್ಥ ಶಾನ್ ಮರ್ರೇಗೆ ಎಲ್ಲ ಸಂದರ್ಶನಗಳಲ್ಲೂ ಇದೇ ಪ್ರಶ್ನೆ. ಗೇಮ್‌ನಲ್ಲಿರೋ ಗ್ರಹಗಳ ಸಂಖ್ಯೆ 2ರ ಘಾತ 64. ಅಂದ್ರೆ 18ರ ಮುಂದೆ ಇನ್ನೂ 18 ಅಂಕಿ. ಇನ್ನೊಬ್ಬ ಆಟಗಾರನನ್ನ ನೋಡಬಹುದಾ ಅಂದ್ರೆ, ನೋಡಬಹುದು, ಆದ್ರೆ ಬ್ರಹ್ಮಾಂಡ ಎಷ್ಟು ದೊಡ್ಡದು ಅಂದ್ರೆ ಎದುರಾಗೋ ಸಾಧ್ಯತೆ ಬಹಳ ಕಡಿಮೆ ಅಂತ ಉತ್ತರ.

2016ರ ಆಗಸ್ಟ್ 9ಕ್ಕೆ ಗೇಮ್ ಬಂತು. ಮೊದಲ ದಿನವೇ ಇಬ್ಬರು ಆಟಗಾರರು ಮಾತಾಡ್ಕೊಂಡು ಒಂದೇ ಗ್ರಹದ ಒಂದೇ ಜಾಗದಲ್ಲಿ ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ. "ಸಾಧ್ಯತೆ ಕಡಿಮೆ" ಅನ್ನೋ ಉತ್ತರದ ಹಿಂದೆ ಆ ಸೌಲಭ್ಯವೇ ಇರಲಿಲ್ಲ ಅನ್ನೋದು ಊರಿಗೆಲ್ಲ ಗೊತ್ತಾಯ್ತು. ಬೈಗುಳ ಎಷ್ಟು ಬಂತು ಅಂದ್ರೆ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ವಿಚಾರಣೆ ಮಾಡಬೇಕಾಯ್ತು. ಜಾಹೀರಾತಿನಲ್ಲಿ ತಪ್ಪಿಲ್ಲ ಅಂತ ತೀರ್ಮಾನ ಬಂತು.

ಮುಂದಿನ ಭಾಗವೇ ನನಗೆ ಹೆಚ್ಚು ಇಷ್ಟ. ತಂಡ ಮಾತು ನಿಲ್ಲಿಸಿತು. ತಿಂಗಳುಗಟ್ಟಲೆ ಮೌನ. 2018ರ ಜುಲೈನಲ್ಲಿ ಬಂದ 'ನೆಕ್ಸ್ಟ್' ಅಪ್‌ಡೇಟ್‌ನಲ್ಲಿ ಗೆಳೆಯರು ಪಕ್ಕಪಕ್ಕ ನಿಂತು ಒಬ್ಬರನ್ನೊಬ್ಬರು ನೋಡಿದರು. ಒಂದು ಪೈಸೆ ಹೆಚ್ಚುವರಿ ತಗೊಳ್ಳದೆ ಇವತ್ತಿಗೂ ಅಪ್‌ಡೇಟ್ ಕೊಡ್ತಾ ಇದ್ದಾರೆ. ಮೊದಲು ಮಾಡಿ, ಆಮೇಲೆ ಹೇಳಿ ಅನ್ನೋ ಪಾಠ ಅವರು ಕಲಿತದ್ದು ಹಾಗೆ.

ದುಡ್ಡು ಎಷ್ಟು?

ಯಲಹಂಕ ನ್ಯೂ ಟೌನ್‌ನಲ್ಲಿರೋ ನನ್ನ ಚಿಕ್ಕಪ್ಪನ ಮಗ ಎರಡನೇ ಪಿಯು. ಒಂದು ಭಾನುವಾರ ಊಟಕ್ಕೆ ಹೋದಾಗ ಲ್ಯಾಪ್‌ಟಾಪ್ ತಂದು ಪಕ್ಕ ಕೂತ. "ಅಣ್ಣ, ಪ್ರೀ-ಆರ್ಡರ್ ಮಾಡಿದ್ರೆ ಸ್ಪೆಷಲ್ ಗನ್ ಕೊಡ್ತಾರೆ. ಮೂರೂವರೆ ಸಾವಿರ ಅಷ್ಟೇ." ಅಡುಗೆ ಮನೆಯಿಂದ ಚಿಕ್ಕಮ್ಮ ಕೇಳಿದರು, "ಆ ಆಟ ಬಂದಿದೆಯೇನೋ?" "ಇಲ್ಲಮ್ಮ, ಮುಂದಿನ ವರ್ಷ." "ಹಾಗಾದ್ರೆ ದುಡ್ಡೂ ಮುಂದಿನ ವರ್ಷ." ಅವನ ಮುಖ ಸಣ್ಣದಾಯ್ತು. ನಾನು ಬದನೆಕಾಯಿ ಹುಳಿ ಕಡೆ ಗಮನ ಕೊಟ್ಟೆ.

ಚಿಕ್ಕಮ್ಮನ ಲೆಕ್ಕಾಚಾರ ಸರಿ. ಡೌನ್‌ಲೋಡ್ ಮಾಡೋ ಗೇಮ್ ಅಂಗಡಿಯಲ್ಲಿ ಖಾಲಿ ಆಗೋದಿಲ್ಲ. ಮುಂಚೆ ಕೊಟ್ಟ ದುಡ್ಡು ಉತ್ತರಗಳ ಮೇಲಿನ ನಂಬಿಕೆಗೆ ಕೊಟ್ಟ ದುಡ್ಡು. ಇದರ ಅತಿ ದೊಡ್ಡ ಉದಾಹರಣೆ 'ಸ್ಟಾರ್ ಸಿಟಿಜನ್'. ಕ್ರಿಸ್ ರಾಬರ್ಟ್ಸ್ 2012ರಲ್ಲಿ ಜನರಿಂದ ಹಣ ಸಂಗ್ರಹ ಶುರು ಮಾಡಿದಾಗ 2014ಕ್ಕೆ ಗೇಮ್ ಅಂತ ಅಂದಾಜಿತ್ತು. ಹಣ ಕೊಟ್ಟವರ ಹತ್ತು ಪ್ರಶ್ನೆಗಳಿಗೆ ಅವರೇ ಕೂತು ಉತ್ತರಿಸೋ ವಿಡಿಯೋ ಸರಣಿಯೂ ಇತ್ತು. ಅದೂ ಸೇರಿಸ್ತೀವಿ, ಇದೂ ಸೇರಿಸ್ತೀವಿ ಅಂತ ಗೇಮ್ ಬೆಳೀತಾ ಹೋಯ್ತು. 2024ರ ಹೊತ್ತಿಗೆ ಸಂಗ್ರಹ 70 ಕೋಟಿ ಡಾಲರ್ ದಾಟಿತ್ತು. ಆಡೋಕೆ ಸಿಗೋದು ಇನ್ನೂ ಆಲ್ಫಾ.

ಮುಂಗಡ ಕೊಡಲೇಬೇಕು ಅನ್ಸಿದ್ರೆ ಒಂದು ವಿಷಯ ನೆನಪಿರಲಿ. ಸ್ಟೀಮ್‌ನಲ್ಲಿ ಪ್ರೀ-ಆರ್ಡರ್ ಮಾಡಿದ್ದನ್ನ ಬಿಡುಗಡೆಗೆ ಮೊದಲು ಯಾವಾಗ ಬೇಕಾದ್ರೂ ವಾಪಸ್ ಮಾಡಬಹುದು. ಬಿಡುಗಡೆ ಆದ ಮೇಲೆ 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು.

ಕನ್ನಡ ಇರುತ್ತಾ?

ಈ ಪ್ರಶ್ನೆ ಕೇಳೋರು ಕಡಿಮೆ. ಕೇಳಿದವರಿಗೆ ಸಿಗೋದು ಬಹುತೇಕ ಆ ಮೂರನೇ ಉತ್ತರ, "ಯೋಚಿಸ್ತಿದ್ದೀವಿ". ಅನುವಾದದ ಖರ್ಚು, ಮಾರುಕಟ್ಟೆ ಸಣ್ಣದು ಅನ್ನೋ ಕಾರಣಗಳನ್ನ ಎಲ್ಲರೂ ಕೇಳಿರ್ತೀರಿ. ಇಂಜಿನಿಯರ್ ಕಣ್ಣಿಗೆ ಕಾಣೋ ಕಾರಣ ಬೇರೆ.

'ಶಸ್ತ್ರ' ಅನ್ನೋ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತ: ಶ, ಸ, ವಿರಾಮ ಚಿಹ್ನೆ, ತ, ಮತ್ತೊಂದು ವಿರಾಮ ಚಿಹ್ನೆ, ರ. ಇವನ್ನ ಜೋಡಿಸಿ ಒತ್ತಕ್ಷರ ಮಾಡೋಕೆ ಪ್ರತ್ಯೇಕ ಸಾಫ್ಟ್‌ವೇರ್ ಬೇಕು. ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ, ಕ್ರೋಮ್‌ನಲ್ಲಿ ಆ ಕೆಲಸ ಮಾಡೋದು ಹಾರ್ಫ್‌ಬಝ್ ಅನ್ನೋ ಉಚಿತ ಲೈಬ್ರರಿ. ಅನ್‌ರಿಯಲ್ ಮತ್ತು ಗೋಡೋ 4 ಎಂಜಿನ್‌ಗಳಲ್ಲೂ ಅದು ಇದೆ. ಆದ್ರೆ ಯೂನಿಟಿ ಎಂಜಿನ್‌ನಲ್ಲಿ ಬಹಳ ವರ್ಷಗಳಿಂದ ಹೆಚ್ಚು ಬಳಕೆಯಲ್ಲಿರೋ ಟೆಕ್ಸ್ಟ್‌ಮೆಶ್ ಪ್ರೋ ಈ ಜೋಡಣೆ ತಾನಾಗಿ ಮಾಡೋದಿಲ್ಲ. ಅಲ್ಲಿಗೆ ಕನ್ನಡ ಹಾಕಿದ್ರೆ ಅಕ್ಷರಗಳು ಬಿಡಿಬಿಡಿಯಾಗಿ ಉದುರುತ್ತವೆ. ಜೊತೆಗೆ ಒತ್ತುಗಳು ಸಾಲಿನ ಕೆಳಗೆ ಇಳಿಯೋದರಿಂದ ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಅವುಗಳ ಬುಡ ಕತ್ತರಿಸಿಹೋಗುತ್ತೆ. ಇದನ್ನ ಗೇಮ್ ಮುಗಿದ ಮೇಲೆ ಸರಿಮಾಡೋದು ಕಷ್ಟ, ಶುರುವಿನಲ್ಲೇ ಯೋಚಿಸಿದ್ರೆ ಸುಲಭ.

ಅದಕ್ಕೇ "ಕನ್ನಡ ಬರುತ್ತಾ?" ಅಂತ ಕೇಳೋ ಬದಲು ಹೀಗೆ ಕೇಳಿ: ನಿಮ್ಮ ಈಗಿನ ಬಿಲ್ಡ್‌ನಲ್ಲಿ 'ಶಸ್ತ್ರ' ಅಂತ ಟೈಪ್ ಮಾಡಿದ್ರೆ ಸರಿಯಾಗಿ ಕಾಣುತ್ತಾ? ಒಂದು ಸ್ಕ್ರೀನ್‌ಶಾಟ್ ಕೊಡ್ತೀರಾ? ಗೇಮ್‌ನ ಪಠ್ಯ ಎಲ್ಲ ಪ್ರತ್ಯೇಕ ಫೈಲ್‌ನಲ್ಲಿದೆಯಾ? ಇದ್ದರೆ ಆಟಗಾರರು ಅನುವಾದ ಮಾಡಿಕೊಟ್ಟರೆ ತಗೊಳ್ತೀರಾ?

ಕೊನೆಯ ಪ್ರಶ್ನೆ ಬರೀ ಕನಸಲ್ಲ. 'ಮೈನ್‌ಕ್ರಾಫ್ಟ್' ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದನ್ನ ಮಾಡಿದ್ದು ಕಂಪನಿ ಸಂಬಳ ಕೊಟ್ಟು ಇಟ್ಟವರಲ್ಲ, ಬಿಡುವಿನಲ್ಲಿ ಕೂತು ಒಂದೊಂದೇ ಪದ ತುಂಬಿದ ಸ್ವಯಂಸೇವಕರು.

ಮುಂದಿನ ಸಲ ನಿಮ್ಮ ಮೆಚ್ಚಿನ ಗೇಮ್‌ನ ಡೆವಲಪರ್ ಪ್ರಶ್ನೆ ಕೇಳಿ ಅಂದಾಗ ನೂರು ಜನ "ಯಾವಾಗ?" ಅಂತ ಕೇಳೇ ಕೇಳ್ತಾರೆ. ಆ ಉತ್ತರ ನಿಮಗೂ ಸಿಗುತ್ತೆ, ಬಿಡಿ. ನೀವು ಕನ್ನಡದ ಸ್ಕ್ರೀನ್‌ಶಾಟ್ ಕೇಳಿ. ಪ್ರೋಗ್ರಾಮರ್‌ಗೆ ಪರೀಕ್ಷೆ ಮಾಡೋಕೆ ಐದು ನಿಮಿಷ ಸಾಕು. ಅಕ್ಷರ ಒಡೆದಿದ್ರೆ ಅವತ್ತೇ ಒಂದು ಟಿಕೆಟ್ ಓಪನ್ ಆಗುತ್ತೆ. ಯಾವ ಸಾಫ್ಟ್‌ವೇರ್‌ನಲ್ಲೇ ಆಗಲಿ, ಟಿಕೆಟ್ ಓಪನ್ ಆಗದೆ ಯಾವ ಕೆಲಸವೂ ಶುರುವಾಗಲ್ಲ.