ಎಣ್ಣೆ, ಸೀಗೆಕಾಯಿ ಮತ್ತು ಸೋಡಿಯಂ ಲಾರಿಲ್ ಸಲ್ಫೇಟ್

ಇಬ್ಬರಿಗೆ ಪರಸ್ಪರ ಆಗಿಬರುವುದಿಲ್ಲವೆಂದರೆ ನಮ್ಮ ಕಡೆ "ಅವರದು ಎಣ್ಣೆ ಸೀಗೆಕಾಯಿ ಸಂಬಂಧ" ಎನ್ನುವುದುಂಟು. ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಸೀಗೆಕಾಯಿಗೆ ಮಾಡಿದ ಅನ್ಯಾಯವೇ ಸರಿ. ನಿಜಕ್ಕೂ ಆಗಿಬರದಿರುವುದು ಎಣ್ಣೆಗೂ ನೀರಿಗೂ. ಸೀಗೆಕಾಯಿ ಅವೆರಡರ ನಡುವೆ ನಿಂತು ರಾಜಿ ಮಾಡಿಸುವ ಹಿರಿಯನಂತೆ. ಇದೇ ರಾಜಿಯ ಕೆಲಸವನ್ನು ಇಂದು ನಮ್ಮ ಬಚ್ಚಲುಮನೆಗಳಲ್ಲಿ ಮಾಡುತ್ತಿರುವ ಕೃತಕ ವಸ್ತುಗಳಲ್ಲಿ ಮುಖ್ಯವಾದದ್ದು ಸೋಡಿಯಂ ಲಾರಿಲ್ ಸಲ್ಫೇಟ್. ಶಾಂಪೂ, ಮುಖ ತೊಳೆಯುವ ದ್ರವ, ಹಲ್ಲುಜ್ಜುವ ಪೇಸ್ಟು, ಕೆಲವು ಕ್ರೀಮುಗಳು, ಇವುಗಳ ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಈ ಹೆಸರು ಕಾಣುತ್ತದೆ.

ನಾನು ರಸಾಯನ ವಿಜ್ಞಾನದವನೆಂದು ತಿಳಿದ ಮೇಲೆ ಸಂಘದ ಕೂಟಗಳಲ್ಲಿ ತಾಯಂದಿರು ಕೇಳುವ ಪ್ರಶ್ನೆಗಳು ಎರಡು. ಇದರಿಂದ ಕ್ಯಾನ್ಸರ್ ಬರುತ್ತದಂತೆ, ಹೌದೇ? ಮಗುವಿನ ಮೈ ಬಿಳಿಚಿ ಒಡೆಯುತ್ತಿದೆ, ಎಲ್ಲ ಬಿಟ್ಟು ಊರಿನಿಂದ ಸೀಗೆಪುಡಿಯನ್ನೇ ತರಿಸೋಣವೇ? ಎರಡಕ್ಕೂ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ಈ ಬರಹ.

ಎರಡು ಮುಖದ ಅಣು

ಈ ವಸ್ತುವಿನ ಅಣುವನ್ನು ಒಂದು ಗೊದಮೊಟ್ಟೆಯಂತೆ ಕಲ್ಪಿಸಿಕೊಳ್ಳಿ. ಹನ್ನೆರಡು ಇಂಗಾಲದ ಪರಮಾಣುಗಳ ಸರಪಳಿ ಅದರ ಬಾಲ. ಅದಕ್ಕೆ ಎಣ್ಣೆಯೆಂದರೆ ಪ್ರೀತಿ. ಸಲ್ಫೇಟ್ ಇರುವ ತಲೆಗೆ ನೀರೆಂದರೆ ಪ್ರೀತಿ. ಒಂದು ಲೀಟರ್ ನೀರಿನಲ್ಲಿ ಸುಮಾರು ಎರಡೂಕಾಲು ಗ್ರಾಂಗಿಂತ ಹೆಚ್ಚು ಕರಗಿಸಿದರೆ ಈ ಅಣುಗಳು ಗುಂಪುಗೂಡುತ್ತವೆ. ಒಂದೊಂದು ಗುಂಪಿನಲ್ಲಿ ಅರುವತ್ತರಷ್ಟು ಅಣುಗಳು, ಬಾಲಗಳೆಲ್ಲ ಒಳಕ್ಕೆ, ತಲೆಗಳೆಲ್ಲ ಹೊರಕ್ಕೆ. ಮೈಮೇಲಿನ ಜಿಡ್ಡು ಈ ಗುಂಪಿನ ಒಳಮನೆ ಸೇರಿ ನೀರಿನೊಂದಿಗೆ ಹರಿದುಹೋಗುತ್ತದೆ. ಇದು ಶುಚಿಗೊಳಿಸುವ ಕೆಲಸ. ಎಣ್ಣೆಯ ಸಣ್ಣ ಸಣ್ಣ ಹನಿಗಳ ಸುತ್ತ ಇದೇ ಅಣುಗಳು ಕಾವಲು ನಿಂತು ಅವು ಒಂದಾಗದಂತೆ ತಡೆದರೆ ನೀರೂ ಎಣ್ಣೆಯೂ ಬೆರೆತ ಬಿಳಿಯ ಕ್ರೀಮು ಸಿದ್ಧವಾಗುತ್ತದೆ. ಇದು ಎಮಲ್ಷನ್ ಮಾಡುವ ಕೆಲಸ. ಒಂದೇ ಗುಣದಿಂದ ಎರಡು ಉಪಯೋಗ.

ಸೀಗೆಕಾಯಿ ಮತ್ತು ಅಂಟುವಾಳದಲ್ಲಿರುವ ಸಪೋನಿನ್ ಎಂಬ ವಸ್ತುಗಳಿಗೂ ಇಂಥ ಎರಡು ಮುಖಗಳಿವೆ. ಒಮಾನಿನವರು ತಲೆ ತೊಳೆಯಲು ಬಳಸುತ್ತ ಬಂದಿರುವ ಸಿದ್ರ್ ಎಲೆಯ ಪುಡಿಯಲ್ಲಿಯೂ ಸಪೋನಿನ್ ಉಂಟು. ಸಿದ್ರ್ ಮರ ನಮ್ಮ ಎಲಚಿ ಮರದ ದಾಯಾದಿ. ಅಂದರೆ ನಮ್ಮ ಅಜ್ಜಿಯರೂ ಇಲ್ಲಿಯ ಅಜ್ಜಿಯರೂ ಹಿಡಿದದ್ದು ಒಂದೇ ದಾರಿ.

ಕೊರತೆಯಿಂದ ಹುಟ್ಟಿದ್ದು

ಸಾಬೂನು ತಯಾರಿಸಲು ಕೊಬ್ಬು ಅಥವಾ ಎಣ್ಣೆ ಬೇಕು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಜರ್ಮನಿಯಲ್ಲಿ ಇವಕ್ಕೆ ತೀವ್ರ ಅಭಾವ ಉಂಟಾಗಿ, ಅಲ್ಲಿಯ ರಸಾಯನ ವಿಜ್ಞಾನಿಗಳು ಕೃತಕ ಮಾರ್ಜಕಗಳ ಹುಡುಕಾಟಕ್ಕೆ ಇಳಿದರು. 1930ರ ಹೊತ್ತಿಗೆ ಕೊಬ್ಬಿನಿಂದ ಪಡೆದ ಆಲ್ಕೊಹಾಲುಗಳ ಸಲ್ಫೇಟುಗಳು ಬಂದವು. ಜರ್ಮನಿಯಲ್ಲಿ 1932ರಲ್ಲಿ 'ಫೇವಾ', ಅಮೆರಿಕದಲ್ಲಿ 1933ರಲ್ಲಿ 'ಡ್ರೆಫ್ಟ್' ಎಂಬ ಬಟ್ಟೆಯ ಪುಡಿಗಳು, 1934ರಲ್ಲಿ 'ಡ್ರೀನ್' ಎಂಬ ಶಾಂಪೂ ಮಾರುಕಟ್ಟೆ ಕಂಡವು. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಗೊಡದೆ ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಗಸಿ ಕಟ್ಟುವುದನ್ನು ನಾವೆಲ್ಲ ಊರಿನಲ್ಲಿ ನೋಡಿದವರೇ. ಈ ಹೊಸ ಮಾರ್ಜಕಗಳಿಗೆ ಆ ತೊಡಕು ಬಹಳ ಕಡಿಮೆ.

ಸಾಬೂನು ಬೇರೆ, ಮಾರ್ಜಕ ಬೇರೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿ ಇದೆ. ಮೈಸೂರು ಸಂಸ್ಥಾನ 1918ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಾಬೂನು ಕಾರ್ಖಾನೆ 1980ರಲ್ಲಿ ಕಂಪೆನಿಯ ರೂಪ ತಾಳಿದಾಗ ಪಡೆದ ಹೆಸರು 'ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್'. ಒಂದೇ ಫಲಕದ ಮೇಲೆ ಎರಡೂ ಇವೆ.

ಲಾರಿಲ್ ಆಲ್ಕೊಹಾಲಿಗೆ ಮೂಲ ಎಲ್ಲಿಯದು? ಒಂದು ದಾರಿ ತೆಂಗಿನದು. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲವೇ. ಇನ್ನೊಂದು ದಾರಿ ಪೆಟ್ರೋಲಿಯಂನದು. ಖುರುಮ್‌ನಲ್ಲಿ ವಾಸಿಸುವ ನಮಗೆ ಎರಡೂ ದೂರವಲ್ಲ. ಪಕ್ಕದ ಮೀನಾ ಅಲ್ ಫಹಲ್ ಬಂದರಿನಿಂದ ಒಮಾನಿನ ಕಚ್ಚಾತೈಲ ಮೊದಲ ಬಾರಿಗೆ ಹೊರದೇಶಕ್ಕೆ ಹೊರಟದ್ದು 1967ರಲ್ಲಿ. ತೆಂಗು ನೋಡಬೇಕಾದರೆ ಸಲಾಲಾಕ್ಕೆ ಹೋದರೆ ಸಾಕು. ತೆಂಗಿನಿಂದ ಬಂದರೂ ತೈಲದಿಂದ ಬಂದರೂ ಕೊನೆಗೆ ದೊರೆಯುವ ಲಾರಿಲ್ ಅಣು ಒಂದೇ. "ತೆಂಗಿನಿಂದ ತಯಾರಾದದ್ದು" ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಅದು ಚರ್ಮಕ್ಕೆ ಮೃದುವಾಗುವುದಿಲ್ಲ.

ತೊಳೆಯುವುದು ಬೇರೆ, ಹಚ್ಚಿ ಬಿಡುವುದು ಬೇರೆ

ಕ್ಯಾನ್ಸರಿನ ಮಾತನ್ನು ಮೊದಲು ಮುಗಿಸೋಣ. 1990ರ ದಶಕದ ಕೊನೆಯಲ್ಲಿ ಇ-ಮೇಲ್ ಮೂಲಕ ಹಬ್ಬಿದ ಸುದ್ದಿ ಅದು. ಸೋಡಿಯಂ ಲಾರಿಲ್ ಸಲ್ಫೇಟಿನಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದಕ್ಕೆ ಹೆಸರಿನಲ್ಲಿ ಹತ್ತಿರವಾದ ಸೋಡಿಯಂ ಲಾರೆತ್ ಸಲ್ಫೇಟಿನ ತಯಾರಿಕೆಯಲ್ಲಿ ಮಾತ್ರ ಡಯಾಕ್ಸೇನ್ ಎಂಬ ಬೇಡದ ವಸ್ತು ಅತ್ಯಲ್ಪವಾಗಿ ಉಳಿಯಬಹುದು. ಅದನ್ನು ಕಾರ್ಖಾನೆಯಲ್ಲೇ ತೆಗೆಯುವ ಕ್ರಮವಿದೆ.

ಆದರೆ ಚರ್ಮ ಕೆರಳುತ್ತದೆಂಬ ದೂರು ಸುಳ್ಳಲ್ಲ. ಚರ್ಮವೈದ್ಯರು ಪ್ರಯೋಗಕ್ಕಾಗಿ ಬೇಕೆಂದೇ ಚರ್ಮವನ್ನು ಕೆರಳಿಸಬೇಕಾದಾಗ ಬಳಸುವುದು ಇದೇ ವಸ್ತುವನ್ನು! ಕಾರಣ ಸರಳ. ಹೊರಗಿನ ಜಿಡ್ಡು ಯಾವುದು, ಚರ್ಮದ ಹೊರಪದರದ ಜೀವಕೋಶಗಳನ್ನು ಗಾರೆಯಂತೆ ಹಿಡಿದಿಟ್ಟು ಒಳಗಿನ ತೇವವನ್ನು ಕಾಯುವ ಕೊಬ್ಬು ಯಾವುದು ಎಂಬ ಭೇದ ಈ ಅಣುವಿಗೆ ತಿಳಿಯದು. ಹೊರಪದರದ ಪ್ರೋಟೀನಿಗೂ ಅದು ಅಂಟಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಹೊತ್ತು, ಎಷ್ಟು ಪ್ರಮಾಣ ಎಂಬುದೇ ಮುಖ್ಯ. ಅಮೆರಿಕದ ತಜ್ಞರ ಸಮಿತಿಯೊಂದು 1983ರಲ್ಲಿ ಹೇಳಿದ್ದು ಇದನ್ನೇ: ಸ್ವಲ್ಪ ಹೊತ್ತು ಬಳಸಿ ಚೆನ್ನಾಗಿ ತೊಳೆದುಬಿಡುವುದಾದರೆ ಸುರಕ್ಷಿತ, ಮೈಮೇಲೆ ಹೆಚ್ಚು ಹೊತ್ತು ಉಳಿಯುವ ಪದಾರ್ಥಗಳಲ್ಲಿ ನೂರಕ್ಕೆ ಒಂದು ಭಾಗವನ್ನು ಮೀರಬಾರದು.

ಆ ಒಂದು ಭಾಗವೂ ಕೆಲವರಿಗೆ ಹೆಚ್ಚೆಂಬುದು ಆಮೇಲೆ ತಿಳಿಯಿತು. ಬ್ರಿಟನ್ನಿನಲ್ಲಿ ಇಸಬಿಗೆ 'ಅಕ್ವಿಯಸ್ ಕ್ರೀಮ್' ಎಂಬ ಅಗ್ಗದ ಕ್ರೀಮನ್ನು ಬಹುಕಾಲ ಬಳಸುತ್ತಿದ್ದರು. ಅದರಲ್ಲಿ ನೀರನ್ನೂ ಮೇಣವನ್ನೂ ಬೆರೆಸಲು ಸೇರಿಸುತ್ತಿದ್ದದ್ದು ಸೋಡಿಯಂ ಲಾರಿಲ್ ಸಲ್ಫೇಟ್, ಸುಮಾರು ನೂರಕ್ಕೆ ಒಂದರಷ್ಟು. ಬಾತ್ ವಿಶ್ವವಿದ್ಯಾಲಯದವರು ಆರೋಗ್ಯವಂತರ ಮೇಲೆ ನಾಲ್ಕು ವಾರ ಅದನ್ನು ಹಚ್ಚಿ ನೋಡಿದಾಗ ಚರ್ಮದ ಹೊರಪದರ ಸುಮಾರು ಹತ್ತನೆಯ ಒಂದು ಭಾಗದಷ್ಟು ತೆಳುವಾಗಿದ್ದು 2010ರಲ್ಲಿ ಪ್ರಕಟವಾಯಿತು. 2013ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ, ಇಸಬಿರುವ ಮಕ್ಕಳಿಗೆ ಈ ಕ್ರೀಮು ಉರಿ ತರಬಹುದೆಂದು ಎಚ್ಚರಿಸಿತು. ಶಮನಕ್ಕೆಂದು ಹಚ್ಚಿದ್ದೇ ಕೆರಳಿಸಿದಂತಾಯಿತು!

ನಮ್ಮ ಮನೆಗಳಿಗೆ

ಇಲ್ಲಿ ಬೇಸಗೆಯಲ್ಲಿ ಹೊರಗೆ ಕಡಲಿನ ತೇವ, ಒಳಗೆ ಹಗಲಿರುಳೂ ಏರ್‌ಕಂಡೀಷನರಿನ ಒಣಹವೆ. ಬೆವರಿತೆಂದು ಮಕ್ಕಳಿಗೆ ದಿನಕ್ಕೆ ಎರಡು ಮೂರು ಸ್ನಾನ, ಪ್ರತಿ ಸಲವೂ ಮೈತುಂಬ ನೊರೆ. ಮೈ ಒಡೆಯುವುದರಲ್ಲಿ ಆಶ್ಚರ್ಯವೇನು? ಒಂದು ಸ್ನಾನಕ್ಕೆ ಮಾತ್ರ ನೊರೆ ಸಾಕು, ಉಳಿದದ್ದಕ್ಕೆ ಬರೀ ನೀರು. ನೊರೆ ಹೆಚ್ಚಾದಷ್ಟೂ ಶುಚಿ ಹೆಚ್ಚೆಂಬುದು ಜಾಹೀರಾತಿನವರ ಮಾತು. ಮೈ ಒರೆಸಿ, ತೇವ ಆರುವ ಮೊದಲೇ ಕ್ರೀಮು ಹಚ್ಚಿ.

ಲೇಬಲ್ ಓದುವ ಅಭ್ಯಾಸವಿರಲಿ. ಸಾಮಾನ್ಯವಾಗಿ ಹೆಚ್ಚು ಇರುವ ವಸ್ತುವಿನ ಹೆಸರು ಮೊದಲು ಬರುತ್ತದೆ. ತೊಳೆದುಬಿಡುವ ಶಾಂಪೂವಿನಲ್ಲಿ ಲಾರಿಲ್ ಸಲ್ಫೇಟ್ ಕಂಡರೆ ಗಾಬರಿ ಬೇಡ. ಹಚ್ಚಿ ಬಿಡುವ ಕ್ರೀಮಿನಲ್ಲಿ ಕಂಡರೆ, ಅದರಲ್ಲೂ ಮಗುವಿಗೆ ಇಸಬಿದ್ದರೆ, ಬೇರೆಯದನ್ನು ಆರಿಸಿ. ಲಾರೆತ್ ಸಲ್ಫೇಟ್ ಇದಕ್ಕಿಂತ ಸೌಮ್ಯ. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇನ್ನೂ ಸೌಮ್ಯ.

ಸೀಗೆಪುಡಿ ತರಿಸುವ ವಿಚಾರ? ಧಾರಾಳವಾಗಿ ತರಿಸಿ. ಆದರೆ ಗಿಡದಿಂದ ಬಂದದ್ದೆಲ್ಲ ಸಾಧುವೆಂದು ತಿಳಿಯಬೇಡಿ. ದೀಪಾವಳಿಯ ಎಣ್ಣೆಸ್ನಾನದಲ್ಲಿ ಸೀಗೆನೀರು ಕಣ್ಣಿಗೆ ಬಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಸ್ನಾನದ ಜಾಣತನ ಇರುವುದು ಕ್ರಮದಲ್ಲಿ: ಮೊದಲು ಮೈಗೆ ಬೇಕಾದಷ್ಟು ಎಣ್ಣೆ, ಆಮೇಲೆ ಹೆಚ್ಚಿನದನ್ನು ತೆಗೆಯುವಷ್ಟು ಮಾತ್ರ ಸೀಗೆ ಅಥವಾ ಕಡಲೆಹಿಟ್ಟು. ಅಂಗಡಿಯ ಶಾಂಪೂವಿಗೂ ಇದೇ ಲೆಕ್ಕ ಹಾಕಿಕೊಂಡರೆ ಚರ್ಮಕ್ಕೆ ಅರ್ಧ ನೆಮ್ಮದಿ. ಅಷ್ಟು ಮಾಡಿದ ಮೇಲೂ ತುರಿಕೆ ಎರಡು ವಾರ ಮೀರಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರಿಗೆ ತೋರಿಸಿ. ಹೋಗುವಾಗ ಬಳಸುತ್ತಿರುವ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.