ಗೌರಿ ಹೂ: ಅಂಗಳಕ್ಕೆ ತರುವ ಮುಂಚೆ ಇಷ್ಟು ಗೊತ್ತಿರಲಿ

ಇವತ್ತಿನ ವಿಷಯ ಒಂದು ಕಾಡು ಹೂವು. ಆಗಸ್ಟ್ ತಿಂಗಳಲ್ಲಿ ಬೆಳಗಾವಿಯಿಂದ ಖಾನಾಪುರದ ಕಡೆ, ಅಲ್ಲಿಂದ ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಬೇಲಿ ಮೇಲೆ ಬೆಂಕಿ ಹತ್ತಿದ ಹಾಗೆ ಕಾಣೋ ಕೆಂಪು-ಹಳದಿ ಹೂ ಇರ್ತದಲ್ಲ, ಅದೇ. ನಾವು ಗೌರಿ ಹೂ ಅಂತೀವಿ, ಅಗ್ನಿಶಿಖೆ ಅಂತೀವಿ. ಮರಾಠಿಯಲ್ಲಿ ಕಳಲಾವಿ. ತಮಿಳುನಾಡಿನಲ್ಲಿ ಸೆಂಗಾಂದಳ್, ಅಲ್ಲಿ ಅದು ರಾಜ್ಯದ ಹೂವು. ದೂರದ ಜಿಂಬಾಬ್ವೆಗೆ ರಾಷ್ಟ್ರೀಯ ಹೂವು. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ.

ಇನ್‌ಸ್ಟಾಗ್ರಾಂನಲ್ಲಿ ಇದರ ಫೋಟೋ ನೋಡಿ "ಇದನ್ನ ಕುಂಡದಲ್ಲಿ ಬೆಳೀಬಹುದೇನು?" ಅಂತ ಕೇಳೋರಿದ್ದಾರೆ. "ಇದರ ಬೀಜಕ್ಕೆ ಒಳ್ಳೆ ರೇಟ್ ಇದೆಯಂತೆ, ಹೊಲದಾಗ ಹಾಕೋಣೇನು?" ಅಂತ ಕೇಳೋರೂ ಇದ್ದಾರೆ. ಎರಡಕ್ಕೂ ಉತ್ತರ ಇದೆ. ಆದರೆ ಅದಕ್ಕೂ ಮುಂಚೆ ಒಂದು ಮಾತು: ಈ ಗಿಡದ ಬೇರಿಂದ ಬೀಜದವರೆಗೆ ಎಲ್ಲ ಭಾಗವೂ ವಿಷ.

ಗುರುತು ಹಿಡಿಯೋದು ಹೇಗೆ?

ಮೊದಲು ಎಲೆ ನೋಡ್ರಿ. ಎಲೆಯ ತುದಿಯೇ ಉದ್ದ ಆಗಿ ಸುರುಳಿ ಸುತ್ತಿಕೊಂಡಿರ್ತದೆ. ಆ ಸುರುಳಿಯಿಂದಲೇ ಬಳ್ಳಿ ಬೇಲಿಯನ್ನೋ ಪಕ್ಕದ ಗಿಡವನ್ನೋ ಹಿಡ್ಕೊಂಡು ಮೇಲೇರ್ತದೆ. ಹೂವಿಗೆ ಆರು ಎಸಳು, ಅಂಚು ಅಲೆ ಅಲೆಯಾಗಿರ್ತದೆ. ಎಸಳುಗಳು ಹಿಂದಕ್ಕೆ ಬಾಗಿ ಮೇಲೆ ನಿಂತಿರ್ತಾವೆ, ಕೇಸರಗಳು ಸುತ್ತಲೂ ಹೊರಗೆ ಚಾಚಿರ್ತಾವೆ. ಅರಳುವಾಗ ಹಸಿರು ಮಿಶ್ರಿತ ಹಳದಿ. ದಿನ ಕಳೆದ ಹಾಗೆ ಕೆಂಪು ಏರ್ತದೆ. ಒಂದೇ ಬಳ್ಳಿಯಲ್ಲಿ ಎರಡು-ಮೂರು ಬಣ್ಣದ ಹೂ ಕಾಣೋದು ಅದಕ್ಕೇ.

ಮಳೆಗಾಲ ಮುಗಿದ ಮೇಲೆ ಬಳ್ಳಿ ಪೂರ್ತಿ ಒಣಗಿ ಹೋಗ್ತದೆ. ಗಿಡ ಸತ್ತಿರೋದಿಲ್ಲ, ನೆಲದೊಳಗೆ ಗೆಡ್ಡೆ ಮಲಗಿರ್ತದೆ. ಮುಂದಿನ ಮುಂಗಾರು ಬಿದ್ದ ಮೇಲೆ ಮತ್ತೆ ಚಿಗುರ್ತದೆ. ಈ ಗೆಡ್ಡೆಗೆ ನೀರು ನಿಲ್ಲೋ ಜಾಗ ಆಗಿಬರೋದಿಲ್ಲ, ಕೊಳೀತದೆ. ಮರಳು ಮಿಶ್ರಿತ ಕೆಂಪು ಮಣ್ಣು, ಜಂಬಿಟ್ಟಿಗೆ ಇಳಿಜಾರು, ಬೇಲಿ ಬದು ಇದಕ್ಕೆ ಇಷ್ಟ. ಖಾನಾಪುರ ತಾಲೂಕಿನಲ್ಲಿ ಮಳೆ ಜೋರಾದರೂ ಇಳಿಜಾರಿನಲ್ಲಿ ನೀರು ಹರಿದು ಹೋಗ್ತದೆ. ಪೂರ್ವದ ಕಡೆಯ ಎರೆ ಹೊಲ ಇದಕ್ಕೆ ಸರಿ ಹೊಂದೋದಿಲ್ಲ.

ಹೆಸರಿನಲ್ಲೇ ಇರೋ ಎಚ್ಚರಿಕೆ

ಸಂಸ್ಕೃತದಲ್ಲಿ ಇದು ಲಾಂಗಲಿ. ಲಾಂಗಲ ಅಂದ್ರೆ ನೇಗಿಲು. ಗೆಡ್ಡೆ ನೇಗಿಲಿನ ಹಾಗೆ ಎರಡು ಕವಲಾಗಿ ಬಾಗಿರ್ತದೆ, ಅದಕ್ಕೇ ಆ ಹೆಸರು. ಆಯುರ್ವೇದದಲ್ಲಿ ಲಾಂಗಲಿಯನ್ನ ದತ್ತೂರಿ, ಗುಲಗಂಜಿ ಜೊತೆಗೆ ಉಪವಿಷಗಳ ಪಟ್ಟಿಯಲ್ಲಿ ಇಟ್ಟಿದ್ದಾರೆ. ಗೋಮೂತ್ರದಲ್ಲಿ ಶೋಧನೆ ಮಾಡದೆ ಬಳಸಬಾರದು ಅನ್ನೋ ನಿಯಮವೂ ಇದೆ. ಶೋಧನೆ ಅಂದ್ರೆ ವೈದ್ಯರು ಮಾಡೋ ಕೆಲಸ, ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡೋದಲ್ಲ.

ಮರಾಠಿಯ ಕಳಲಾವಿ ಅನ್ನೋ ಹೆಸರಿನಲ್ಲಿ ಕಳ ಅಂದ್ರೆ ಹೆರಿಗೆ ನೋವು. ನೋವು ಬರಿಸೋ ಗಿಡ ಅಂತ ಅರ್ಥ. ಹಿಂದೆ ಹೆರಿಗೆ ಬೇಗ ಆಗಲಿ ಅಂತಲೂ, ಗರ್ಭ ಇಳಿಸೋಕೂ ಇದರ ಗೆಡ್ಡೆ ಬಳಸ್ತಿದ್ದರು. ಇವತ್ತಿಗೂ "ಗಿಡಮೂಲಿಕೆ, ಏನೂ ಆಗೋದಿಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡ್ರಿ. ಆ ಪ್ರಯೋಗದಲ್ಲಿ ಹೋಗೋದು ತಾಯಿಯ ಜೀವ. ಗರ್ಭದ ವಿಷಯದಲ್ಲಿ ಏನೇ ತೊಂದರೆ ಇದ್ದರೂ ದಾರಿ ಒಂದೇ, ಆಸ್ಪತ್ರೆ.

ವಿಷ ಕೆಲಸ ಮಾಡೋದು ಹೇಗೆ?

ಗಿಡದಲ್ಲಿರೋ ಮುಖ್ಯ ವಿಷದ ಹೆಸರು ಕಾಲ್ಚಿಸಿನ್. ನಮ್ಮ ದೇಹದ ಜೀವಕೋಶ ಎರಡಾಗುವಾಗ ಅದರೊಳಗಿನ ವರ್ಣತಂತುಗಳನ್ನ ಎರಡು ಕಡೆ ಎಳೆಯೋದಕ್ಕೆ ಸಣ್ಣ ಎಳೆಗಳು ಹುಟ್ಟಿಕೊಳ್ತಾವೆ. ಕಾಲ್ಚಿಸಿನ್ ಆ ಎಳೆಗಳು ಕಟ್ಟಿಕೊಳ್ಳದ ಹಾಗೆ ಮಾಡ್ತದೆ. ಕೋಶ ಎರಡಾಗೋದು ಅಲ್ಲಿಗೇ ನಿಲ್ತದೆ. ಹಾಗಾಗಿ ಎಲ್ಲಿ ಕೋಶಗಳು ದಿನಾ ಹೊಸದಾಗಿ ಹುಟ್ಟಬೇಕೋ ಅಲ್ಲಿ ಜೋರು ಪೆಟ್ಟು: ಕರುಳಿನ ಒಳಪದರ, ರಕ್ತ ತಯಾರಾಗೋ ಎಲುಬಿನ ಮಜ್ಜೆ, ಕೂದಲ ಬುಡ.

ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗ್ತದೆ. ನೋಡಿದವರು ಫುಡ್ ಪಾಯ್ಸನ್ ಅಂದ್ಕೊಳ್ತಾರೆ. ಒಂದೆರಡು ದಿನದಲ್ಲಿ ಮೂತ್ರಪಿಂಡ, ಹೃದಯ, ರಕ್ತ ಎಲ್ಲ ಕೈಕೊಡಬಹುದು. ಬದುಕಿ ಉಳಿದವರಿಗೆ ಒಂದೆರಡು ವಾರದ ಮೇಲೆ ಕೂದಲು ಉದುರ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗೋ ಪ್ರತಿವಿಷ ಇದಕ್ಕಿಲ್ಲ. ವೈದ್ಯರು ದೇಹವನ್ನ ಹಿಡಿದು ನಿಲ್ಲಿಸೋ ಚಿಕಿತ್ಸೆ ಕೊಡ್ತಾರೆ, ಅದಕ್ಕೆ ಸಮಯ ಬಹಳ ಮುಖ್ಯ.

ಈ ಮಾತು ನಮ್ಮ ಭಾಗಕ್ಕೆ ಯಾಕೆ ಹೆಚ್ಚು ಬೇಕು ಅಂದ್ರೆ, ಬೆಳಗಾವಿ-ಖಾನಾಪುರ ಅಂದ್ರೆ ಗೆಣಸಿನ ಸೀಮೆ. ನಮ್ಮ ಗೆಣಸು ಬೆಳೆಯೋದೂ ಇಂಥದೇ ಹಗುರ ಕೆಂಪು ಮಣ್ಣಲ್ಲಿ. ಪಕ್ಕದ ಜೋಯಿಡಾದಲ್ಲಿ ಕುಣಬಿ ಸಮುದಾಯದವರ ಗಡ್ಡೆ-ಗೆಣಸಿನ ಮೇಳವೇ ನಡೀತದೆ. ಗೆಡ್ಡೆ ಅಗೆದು ತಿನ್ನೋದು ಇಲ್ಲಿ ಹಳೇ ರೂಢಿ. ಹಿರಿಯರಿಗೆ ಯಾವುದು ತಿನ್ನೋದು, ಯಾವುದು ಬಿಡೋದು ಅಂತ ಗೊತ್ತಿದೆ. ಬೇಸಿಗೆಯಲ್ಲಿ ಬಳ್ಳಿ ಒಣಗಿದ ಮೇಲೆ, ಎಲೆ-ಹೂ ಯಾವುದೂ ಇಲ್ಲದಾಗ, ಟ್ರೆಕ್ಕಿಂಗ್ ಹೋದ ಹುಡುಗರಿಗೆ ಗೊತ್ತಾಗೋದು ಕಷ್ಟ. ಗೌರಿ ಹೂವಿನ ಗೆಡ್ಡೆಯನ್ನ ಗೆಣಸು ಅಂದ್ಕೊಂಡು ತಿಂದು ಸತ್ತ ಪ್ರಕರಣಗಳು ಭಾರತದಲ್ಲೂ ಶ್ರೀಲಂಕಾದಲ್ಲೂ ವೈದ್ಯಕೀಯ ದಾಖಲೆಯಲ್ಲಿ ಇವೆ.

ಯಾರಾದರೂ ತಿಂದ ಅನುಮಾನ ಬಂದರೆ ವಾಂತಿ ಮಾಡಿಸೋಕೆ ಹೋಗಬೇಡ್ರಿ, 108ಕ್ಕೆ ಫೋನ್ ಮಾಡ್ರಿ. ಗಿಡದ ತುಂಡನ್ನೋ ಫೋಟೋವನ್ನೋ ಡಾಕ್ಟರಿಗೆ ತೋರಿಸ್ರಿ. ವಾಂತಿ ನಿಂತಿತು ಅಂತ ವಾಪಸ್ ಮನೆಗೆ ಕರ್ಕೊಂಡು ಬರಬೇಡ್ರಿ. ನಡುವೆ ಸ್ವಲ್ಪ ಹೊತ್ತು ಆರಾಮ ಅನ್ನಿಸಿ, ಆಮೇಲೆ ಒಮ್ಮೆಲೇ ಹದಗೆಡೋದು ಈ ವಿಷದ ಸ್ವಭಾವ.

ಅದೇ ವಿಷ, ಅದೇ ಔಷಧ

ಹಾಗಾದರೆ ಇದಕ್ಕೆ ಮಾರುಕಟ್ಟೆ ಯಾಕಿದೆ? ಕಾಲ್ಚಿಸಿನ್ ಮೊದಲು ಬೇರ್ಪಟ್ಟಿದ್ದು 1820ರಲ್ಲಿ, ಯುರೋಪಿನ ಕಾಲ್ಚಿಕಂ ಅನ್ನೋ ಗಿಡದಿಂದ. ನಮ್ಮ ಗೌರಿ ಹೂ ಅದರ ಕುಟುಂಬದ್ದೇ. ಗೌಟ್ ಅನ್ನೋ ಕೀಲುನೋವಿಗೆ ಇದು ಹಳೇ ಔಷಧ. ಡಾಕ್ಟರ್ ಬರೆದುಕೊಡೋ ಮಾತ್ರೆಯಲ್ಲಿ ಇರೋದು 0.5 ಮಿಲಿಗ್ರಾಂ. ಒಂದು ಗ್ರಾಂನ 2,000 ಭಾಗದಲ್ಲಿ ಒಂದು ಭಾಗ! ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಇಷ್ಟು ಸಣ್ಣದಿರುವಾಗ, ಗೆಡ್ಡೆಯನ್ನ ಅಂದಾಜಿನ ಮೇಲೆ ತೇಯ್ದು ಕುಡಿಯೋದು ಎಂಥ ಅಪಾಯ ಅಂತ ನೀವೇ ಲೆಕ್ಕ ಹಾಕ್ರಿ.

ಇನ್ನೊಂದು ಉಪಯೋಗ ಕೃಷಿ ವಿಜ್ಞಾನದ್ದು. ಸಸ್ಯದ ಕೋಶ ಎರಡಾಗೋದನ್ನ ಕಾಲ್ಚಿಸಿನ್ ತಡೆದಾಗ ವರ್ಣತಂತುಗಳ ಸಂಖ್ಯೆ ಮಾತ್ರ ದುಪ್ಪಟ್ಟಾಗ್ತದೆ. 1937ರ ಸುಮಾರಿಗೆ ವಿಜ್ಞಾನಿಗಳು ಇದನ್ನ ತಳಿ ಬೆಳೆಸೋಕೆ ಬಳಸಲು ಶುರು ಮಾಡಿದರು. ಬೀಜವಿಲ್ಲದ ಕಲ್ಲಂಗಡಿ ಬಂದಿದ್ದು ಇದೇ ದಾರಿಯಿಂದ.

ಕುಂಡದಲ್ಲಿ ಬೆಳೆಯೋದಾದರೆ

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ದನ-ಆಡು-ನಾಯಿ ಬಳ್ಳಿಗೆ ಬಾಯಿ ಹಾಕೋ ಹಾಗಿದ್ದರೆ ಈ ಗಿಡ ಬೇಡವೇ ಬೇಡ. ಉಳಿದವರು ಕೇಳ್ರಿ.

ಗೆಡ್ಡೆಯನ್ನ ನರ್ಸರಿಯಿಂದ ತಗೊಳ್ರಿ, ಕಾಡಿಂದ ಕಿತ್ತು ತರಬೇಡ್ರಿ. ಖಾನಾಪುರದ ಭೀಮಗಡ 2011ರಿಂದ ವನ್ಯಜೀವಿ ಅಭಯಾರಣ್ಯ. ಅಲ್ಲಿ ಅನುಮತಿ ಇಲ್ಲದೆ ಗಿಡ ಕೀಳೋದು ಕಾನೂನು ಪ್ರಕಾರ ಅಪರಾಧ. ಬೀಜದಿಂದಲೂ ಬೆಳೀಬಹುದು, ಆದರೆ ಹೂ ಬಿಡೋಕೆ ಮೂರ್ನಾಲ್ಕು ವರ್ಷ ಕಾಯಬೇಕು.

ಮುಂಗಾರು ಹಿಡಿದ ಮೇಲೆ, ಜೂನ್‌ನಲ್ಲಿ ನೆಡ್ರಿ. ಕೆಂಪು ಮಣ್ಣು, ಮರಳು, ಕಾಂಪೋಸ್ಟ್ ಸಮ ಸಮ. ಕುಂಡದ ತಳದಲ್ಲಿ ತೂತು ಕಡ್ಡಾಯ. ಗೆಡ್ಡೆಯನ್ನ ಅಡ್ಡ ಮಲಗಿಸಿ ನಾಲ್ಕು ಬೆರಳಿನಷ್ಟು ಮಣ್ಣು ಮುಚ್ರಿ. ಮೊಳಕೆ ಇರೋದು ಗೆಡ್ಡೆಯ ತುದಿಯಲ್ಲಿ. ಆ ತುದಿ ಮುರಿದರೆ ಅದು ಚಿಗುರೋದಿಲ್ಲ. ಗ್ಲೌಸ್ ಹಾಕ್ಕೊಂಡೇ ಮುಟ್ರಿ, ಆಮೇಲೆ ಸೋಪಿನಿಂದ ಕೈ ತೊಳೀರಿ. ಏರೋದಕ್ಕೆ ಐದಾರು ಅಡಿ ಕೋಲೋ ಜಾಳಿಗೆಯೋ ಕಟ್ರಿ.

ಹೂ ಬಾಡಿದ ತಕ್ಷಣ ಕತ್ತರಿಸಿಬಿಡ್ರಿ. ಯಾಕಂದ್ರೆ ಕಾಯಿ ಒಣಗಿ ಬಿರಿದಾಗ ಒಳಗೆ ಕೆಂಪು ಬೀಜ ಕಾಣ್ತಾವೆ. ಮಕ್ಕಳ ಕಣ್ಣಿಗೆ ಅದು ಚಾಕಲೇಟು. ಬಳ್ಳಿ ಹಳದಿಯಾದ ಮೇಲೆ ನೀರು ನಿಲ್ಲಿಸ್ರಿ. ಗೆಡ್ಡೆ ತೆಗೆದು ಒಣ ಮರಳಲ್ಲಿ ಇಟ್ಟರೆ, ಡಬ್ಬಿ ಮೇಲೆ "ವಿಷ" ಅಂತ ದಪ್ಪಕ್ಷರದಲ್ಲಿ ಬರೀರಿ. ಅಡುಗೆಮನೆಯಲ್ಲಿ, ಬಟಾಟೆ-ಉಳ್ಳಾಗಡ್ಡಿ ಪಕ್ಕದಲ್ಲಿ ಮಾತ್ರ ಇಡಬೇಡ್ರಿ.

ಹೊಲಕ್ಕೆ ಹಾಕೋದಾದರೆ

ಈಗ ನಾನು ಕಲಿತ ವಿಷಯಕ್ಕೆ ಬರ್ತೀನಿ, ಲೆಕ್ಕ. ತಮಿಳುನಾಡಿನ ತಿರುಪ್ಪೂರು, ಕರೂರು, ದಿಂಡಿಗಲ್ ಕಡೆ ಇದು ಹೊಲದ ಬೆಳೆ. ಮಾರೋದು ಬೀಜ. ಕೊಳ್ಳೋದು ಕಾಲ್ಚಿಸಿನ್ ತೆಗೆಯೋ ಕಂಪನಿಗಳು, ಬಹಳಷ್ಟು ರಫ್ತಿಗೆ.

ಸಾಲಿಂದ ಸಾಲಿಗೆ 60 ಸೆಂ.ಮೀ., ಗೆಡ್ಡೆಯಿಂದ ಗೆಡ್ಡೆಗೆ 45 ಸೆಂ.ಮೀ. ಅಂತ ಹಿಡಿದರೆ ಒಂದು ಎಕರೆಗೆ ಸುಮಾರು 15,000 ಗೆಡ್ಡೆ ಬೇಕು. ಒಂದೊಂದು 50 ಗ್ರಾಂ ಅಂದರೂ 750 ಕೆ.ಜಿ. ಈ ಬಂಡವಾಳ ಮೊದಲ ದಿನವೇ ಹಾಕಬೇಕು. ಮೇಲೆ ತಂತಿ ಚಪ್ಪರ. ಕಾಯಿ ಚೆನ್ನಾಗಿ ಕಟ್ಟಬೇಕಂದ್ರೆ ಬೆಳಿಗ್ಗೆ ಹೊತ್ತು ಹೂ ಹೂವಿಗೂ ಕೈಯಿಂದ ಪರಾಗ ಮುಟ್ಟಿಸೋ ಆಳಿನ ಖರ್ಚು. ಕೊಯ್ಲಿಗೆ ಐದಾರು ತಿಂಗಳು.

ಕೊನೆಗೆ ಕೊಳ್ಳೋರು ಬೆರಳೆಣಿಕೆಯಷ್ಟು ಜನ. ಗೆಣಸು ಆದರೆ ಬೆಳಗಾವಿ ಎಪಿಎಂಸಿಗೆ ಒಯ್ದು ಆ ದಿನದ ರೇಟಿಗೆ ಮಾರಿ ಬರಬಹುದು. ಮಾರಾಟ ಆಗದಿದ್ದರೆ ಸುಟ್ಟುಕೊಂಡು ತಿನ್ನಬಹುದು. ಇದನ್ನ ಏನು ಮಾಡ್ತೀರಿ? ಹಾಗಾಗಿ "ಗೆಡ್ಡೆ ನಾವೇ ಮಾರ್ತೀವಿ, ಬೀಜ ನಾವೇ ಕೊಳ್ತೀವಿ" ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಬಂದರೆ ಮೂರು ಪ್ರಶ್ನೆ ಕೇಳ್ರಿ. ಕೊಳ್ಳೋ ರೇಟು ಕಾಗದದ ಮೇಲೆ ಇದೆಯಾ? ಹಿಂದಿನ ವರ್ಷ ಮಾರಿದ ರೈತರ ಹೊಲ ತೋರಿಸ್ತೀರಾ? ಬೆಳೆ ಕೊಳೆತರೆ ನಷ್ಟ ಯಾರದು? ಉತ್ತರ ಗಟ್ಟಿ ಇಲ್ಲದಿದ್ದರೆ ದುಡ್ಡು ಕೊಡಬೇಡ್ರಿ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮಣ್ಣಿನ ವಿಷಯ ಅಲ್ಲಿ ಕೇಳ್ರಿ. ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯ ಇ-ಚರಕ್ ಆ್ಯಪ್‌ನಲ್ಲಿ ಕೊಳ್ಳೋರು-ಮಾರೋರ ಮಾಹಿತಿ ಸಿಗ್ತದೆ, ಅದನ್ನೂ ಒಮ್ಮೆ ನೋಡ್ರಿ.

ನನ್ನ ಲೆಕ್ಕದಲ್ಲಿ ನಮ್ಮ ಕಡೆಯ ಸಣ್ಣ ರೈತರಿಗೆ ಇದು ಮೊದಲ ಬೆಳೆ ಆಗಬಾರದು. ಮಾಡಲೇಬೇಕಂದ್ರೆ ಒಂದೆರಡು ಗುಂಟೆಯಲ್ಲಿ ಮಾಡಿ ನೋಡ್ರಿ. ಹಬ್ಬಕ್ಕೆ ಹೂ ಬೇಕಾದರೆ ಬೇಲಿಯಿಂದ ಒಂದೆರಡು ಕೊಯ್ಕೊಂಡು ಬರ್ರಿ, ಗೆಡ್ಡೆಯನ್ನ ನೆಲದಲ್ಲೇ ಬಿಡ್ರಿ. ಮುಂದಿನ ವರ್ಷ ಗೌರಿ ಬರೋ ಹೊತ್ತಿಗೆ ಅದೇ ಬೇಲಿ ಮೇಲೆ ಅದೇ ಬಳ್ಳಿ ಮತ್ತೆ ಹೂ ಬಿಡ್ತದೆ.

ಈ ಕಂತನ್ನ ನಿಮ್ಮ ಮನೆಯ ಗ್ರೂಪಿಗೆ, ಅದರಲ್ಲೂ ಟ್ರೆಕ್ಕಿಂಗ್ ಗೆಳೆಯರಿಗೆ ಕಳಿಸ್ರಿ. ನಿಮ್ಮ ಊರಲ್ಲಿ ಈ ಹೂವಿಗೆ ಬೇರೆ ಹೆಸರಿದ್ದರೆ ವಾಯ್ಸ್ ನೋಟ್ ಮಾಡಿ ಹೇಳ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.